ಹಳ್ಳದಾಚೆಯ ತವರು

ಸೆಪ್ಟೆಂಬರ್ ೩, ಗುರುವಾರ. ದಿಲಿ, ತಿಮೋರ್ ಲೆಸ್ತೆ

ಡಾಕ್ಟರು ಇವತ್ತು ನನ್ನನ್ನೂ ತಮ್ಮ ಸಿಪ್ರಿಯಾನುವನ್ನೂ ವಾರ್ಡಿನ ಹೊರಗೆ ಕರೆದು ಹೇಳಿದರು. ಅವ್ವನ ಹೊಟ್ಟೆಯ ಗಡ್ಡೆಗೆ ಇಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ. ನೋವಿಗೆ ಮಾತ್ರೆ ಕೊಡುತ್ತಾರಂತೆ. ಮನೆಗೆ ಕರೆದುಕೊಂಡು ಹೋಗಿ ಅಂದರು. ಸಿಪ್ರಿಯಾನು ಅದನ್ನು ದಿಲಿಯ ತನ್ನ ಮನೆ ಅಂತ ತಿಳಿದುಕೊಂಡ. ನಾನು ನಮ್ಮೂರು ಫಾತುನೆನೊ ಅಂತ ತಿಳಿದುಕೊಂಡೆ.

ತಮ್ಮನ ಮನೆಗೆ ಕರೆತಂದು ಚಾಪೆಯ ಮೇಲೆ ಮಲಗಿಸಿದಾಗ ಅವ್ವ ನಮ್ಮಿಬ್ಬರ ಮುಖ ನೋಡಿದಳು.

"ಏನಂತೆ? ಸಾಯ್ತೀನಂತಾ?"

"ಹಾಗೇನಿಲ್ಲ ಅವ್ವ" ಅಂದ ಸಿಪ್ರಿಯಾನು.

"ಹಾಗೇನಿಲ್ದೆ ಇದ್ರೆ ನಿನ್ನ ಹೆಂಡ್ತಿ ಯಾಕೆ ಕೋಳಿ ಕುಯ್ದಳು?"

ನಾದಿನಿ ಜುಲ್ಮಿರಾ ಸೌಟು ಹಿಡಿದುಕೊಂಡೇ ಅಡಿಗೆಮನೆಯೊಳಗೆ ಹೋಗಿ ಅತ್ತಳು.

ಸುತ್ತ ಇಂಡೋನೇಷ್ಯಾ ಇರುವ ನಮ್ಮ ಒಕುಸಿ ಜಿಲ್ಲೆಗೆ ಹೋಗುವ ಹಡಗು ರಿಪೇರಿಗೆ ಹೋಗಿದೆ. ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ.

ಒಂದು ಮಾತು ಬರೆದಿಡುತ್ತೇನೆ, ನಾಳೆ ಮನಸ್ಸು ಜಾರಬಾರದೆಂದು. ಅವ್ವ ಕಣ್ಣು ಮುಚ್ಚುವುದು ಫಾತುನೆನೊದಲ್ಲಿ, ನಮ್ಮ ಮನೆಯಲ್ಲಿ, ಅಪ್ಪನ ಸಮಾಧಿ ಕಾಣುವ ಜಾಗದಲ್ಲಿ. ಆಸ್ಪತ್ರೆಗೆಂದು ಹಡಗು ಹತ್ತಿಸಿ ಕರೆತಂದವಳು ನಾನು. ಇಲ್ಲಿ ಹೂಳಿ ಬರಿಗೈಲಿ ಹಿಂದಿರುಗಿದರೆ ಊರವರು ನನ್ನ ಮುಖ ನೋಡುವುದಿಲ್ಲ.

ಸೆಪ್ಟೆಂಬರ್ ೭, ಸೋಮವಾರ. ದಿಲಿ

ಬೆಳಿಗ್ಗೆ ಬಂದರಿಗೆ ಹೋಗಿದ್ದೆ. ಗೇಟಿನ ಮುಂದೆ ನಮ್ಮ ಕಡೆಯವರೇ ತುಂಬಿದ್ದರು. ಅಕ್ಕಿ ಮೂಟೆ, ಪ್ಲಾಸ್ಟಿಕ್ ಕುರ್ಚಿಗಳು, ಕಾಲು ಕಟ್ಟಿದ ಹುಂಜ, ಯಾರದೋ ಮದುವೆಗೆ ಕೊಂಡ ಮಂಚ. ಮಂಚದ ಮೇಲೆ ಒಬ್ಬ ಮುದುಕ ಮಲಗಿದ್ದ. ಎಲ್ಲರೂ ನಮ್ಮ ಭಾಷೆ ಬೈಕೆನು ಮಾತಾಡುತ್ತಿದ್ದರು. ಇಷ್ಟು ದಿನ ದಿಲಿಯವರ ತೇತುನ್ ಕೇಳಿ ಕೇಳಿ ದಣಿದ ಕಿವಿಗೆ ಹಿತವಾಯಿತು.

ಗೇಟಿನವನನ್ನು ಕೇಳಿದೆ. "ಹಡಗು ಬಂದಾಗ ಬರುತ್ತೆ."

"ಯಾವಾಗ?"

"ಬಂದಾಗ."

ಮನೆಗೆ ಬಂದು, ರಸ್ತೆಯಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದೆ. ಸಿಪ್ರಿಯಾನು ಊಟದ ತಟ್ಟೆ ಪಕ್ಕಕ್ಕಿಟ್ಟ.

"ಬ್ರಿಜಿದಾ, ರಸ್ತೆ ಅಂದ್ರೆ ಇಂಡೋನೇಷ್ಯಾ. ನಮ್ಮ ದೇಶ ಬಿಟ್ಟು, ಅವರ ದೇಶ ದಾಟಿ, ಮತ್ತೆ ನಮ್ಮ ದೇಶಕ್ಕೆ ಹೋಗ್ಬೇಕು. ಅವ್ವನ ಹತ್ರ ಒಂದು ಚೂರು ಕಾಗದ ಇಲ್ಲ."

"ಮಾಡಿಸ್ತೀನಿ."

"ನಿನ್ನ ತೇತುನ್ ಕೇಳಿದ್ರೆ ಆಫೀಸಲ್ಲಿ ನಗ್ತಾರೆ."

"ನಗಲಿ. ನಗ್ತಾ ನಗ್ತಾ ಸೀಲು ಹೊಡೀಲಿ."

"ದಾರೀಲೇ ಏನಾದ್ರೂ ಆದ್ರೆ ಅತ್ತಿಗೆ?" ಅಂದಳು ಜುಲ್ಮಿರಾ.

"ಆದ್ರೆ ದಾರೀಲಿ ನಾನಿರ್ತೀನಲ್ಲ."

ಸಿಪ್ರಿಯಾನು ತಟ್ಟೆ ಎತ್ತಿಕೊಂಡು ಮತ್ತೆ ಉಣ್ಣತೊಡಗಿದ. ಅವನು ಕಾವಲು ಕೆಲಸದವನು, ರಜೆ ಕೇಳಿದರೆ ಕೆಲಸವೇ ಹೋಗುತ್ತದೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಸೆಪ್ಟೆಂಬರ್ ೧೧, ಶುಕ್ರವಾರ. ದಿಲಿ

ಆಯಿತು. ಅವ್ವನ ಹೆಸರಿಗೆ ಪಾಸ್‌ಪೋರ್ಟಿನ ಬದಲು ಒಂದು ಹಾಳೆ, ಅದರ ಮೇಲೆ ಇಂಡೋನೇಷ್ಯಾದವರ ಸೀಲು. ಗಡಿಯೊಳಗೆ ಕಾಲಿಟ್ಟ ಮೇಲೆ ಐದು ದಿನದೊಳಗೆ ಹೊರಗೆ ಹೋಗಬೇಕು.

ವೀಸಾ ಕೊಡುವಲ್ಲಿ ಗುಮಾಸ್ತ ಅವ್ವನನ್ನು ಕಣ್ಣಾರೆ ನೋಡಬೇಕು ಅಂದ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆ. ಒಳ್ಳೆಯವನು, ಹೊರಗೇ ಬಂದು ಕಿಟಕಿಯಲ್ಲಿ ಬಗ್ಗಿ ಕೇಳಿದ. ನಾನು ಇಂಡೋನೇಷ್ಯಾ ಕಾಲದಲ್ಲಿ ಓದಿ ಟೀಚರಾದವಳು, ಆ ಭಾಷೆ ನನಗೆ ಸಲೀಸು. ಅವ್ವನಿಗೆ ಬಾರದು.

"ಹುಟ್ಟಿದ ಊರು?"

ಅವ್ವನಿಗೆ ಅದನ್ನು ತಿಳಿಸಿ, ಫಾತುನೆನೊ ಎಂದು ನಾನೇ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಗಟ್ಟಿಯಾಗಿ "ಓಎಮ್ನಾಸಿ" ಅಂದಳು.

ಅವನು ನಕ್ಕ. "ಅಜ್ಜಿ, ಅದು ನಮ್ಮ ಕಡೆ. ಹಾಗಾದ್ರೆ ನೀವು ನಮ್ಮವರೇ."

ನಾನು ಅವ್ವನಿಗೆ ತಿಳಿಸಿದೆ. ಅವ್ವ ಅಂದಳು: "ಹಾಗಾದ್ರೆ ನಮ್ಮನೆಗೆ ಹೋಗೋಕೆ ಇವನನ್ಯಾಕೆ ಕೇಳ್ಬೇಕು? ಅದನ್ನ ಕೇಳು."

"ಅಜ್ಜಿ ನಿಮಗೆ ಒಳ್ಳೇದಾಗ್ಲಿ ಅಂತಿದಾರೆ" ಅಂದೆ ಅವನಿಗೆ.

ಓಎಮ್ನಾಸಿ ಅವ್ವನ ತವರು. ಗಡಿಯ ಹಳ್ಳದಾಚೆ, ಫಾತುನೆನೊದಿಂದ ಅರ್ಧ ದಿನದ ನಡಿಗೆ. ಹತ್ತು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಎತ್ತಿಲ್ಲ. ತೊಂಬತ್ತೊಂಬತ್ತರಲ್ಲಿ ನಾವು ಇಂಡೋನೇಷ್ಯಾ ಬೇಡವೆಂದು ವೋಟು ಹಾಕಿದ್ದಕ್ಕೆ ಆ ಕಡೆಯಿಂದ ಬಂದು ನಮ್ಮ ಮನೆ ಸುಟ್ಟವರಲ್ಲಿ ಸೋದರಮಾವನ ಮಗನೂ ಇದ್ದ. ನನ್ನ ಗಂಡ ಅನ್ಸೆಲ್ಮು ಗುಡ್ಡದ ಮರೆಯಿಂದ ನೋಡಿದ್ದಾನೆ. ನಮ್ಮ ಹಸುಗಳನ್ನು ಹೊಡೆದುಕೊಂಡು ಹೋಗಿದ್ದೂ ಅವರೇ.

ಕಾರಿನಲ್ಲಿ ಅವ್ವನನ್ನು ಕೇಳಿದೆ: "ಇಷ್ಟು ವರ್ಷದ ಮೇಲೆ ಆ ಊರು ಯಾಕೆ ನೆನಪಾಯ್ತು?"

"ಹುಟ್ಟಿದ್ದು ಎಲ್ಲಿ ಅಂತ ಕೇಳ್ದ, ಹೇಳ್ದೆ" ಅಂದು ಕಣ್ಣು ಮುಚ್ಚಿದಳು.

ಸೆಪ್ಟೆಂಬರ್ ೧೫, ಮಂಗಳವಾರ. ಅತಾಂಬುವಾ

ಗಡಿ ದಾಟಿದೆವು. ಸಿಪ್ರಿಯಾನು ಗಡಿಯವರೆಗೂ ಬಂದು, ಅವ್ವನ ಪಾದ ಹಿಡಿದು ಕೂತಿದ್ದ. "ಹಡಗು ಬಂದ ತಕ್ಷಣ ಬರ್ತೀನಿ" ಅಂದ. "ನಾನು ಹಡಗಿನ ಹಾಗೆ ಕಾಯಿಸೋದಿಲ್ಲ" ಅಂದಳು ಅವ್ವ.

ಆ ಕಡೆಯ ಎಳೆ ವಯಸ್ಸಿನ ಅಧಿಕಾರಿ ಕಾಗದ ತಿರುವಿ ಕೇಳಿದ.

"ಎಲ್ಲಿಗೆ ಹೋಗ್ತಿದೀರಿ?"

"ತಿಮೋರ್ ಲೆಸ್ತೆಗೆ."

"ಈಗ ಅಲ್ಲಿಂದಲೇ ಬಂದ್ರಲ್ಲ."

"ಹೌದು."

ಅವನು ಕಾಗದದಲ್ಲಿ ಒಕುಸಿ ಎಂದು ಓದಿ, ತಲೆ ಕೆರೆದುಕೊಂಡು ಸೀಲು ಒತ್ತಿದ.

ಅವ್ವ ಹಗುರವಾಗಿಬಿಟ್ಟಿದ್ದಾಳೆ. ವ್ಯಾನಿನಲ್ಲಿ ಉದ್ದಕ್ಕೂ ನನ್ನ ತೊಡೆಯ ಮೇಲಿದ್ದಳು, ತೊಡೆ ಜೋಮು ಹಿಡಿಯಲೂ ಇಲ್ಲ. ಒಂದೆರಡು ಗುಟುಕು ಜೋಳದ ಗಂಜಿ ಕುಡಿದಳು. ನಾಳೆ ಕರಾವಳಿ ರಸ್ತೆ ಹಿಡಿದು ವಿನಿ ಊರು, ಅಲ್ಲಿಂದ ನಮ್ಮ ಒಕುಸಿಯ ಗಡಿ. ಸಂಜೆಗೆ ಫಾತುನೆನೊ. ಇನ್ನು ಒಂದೇ ದಿನ ತಡೆದುಕೊಳ್ಳಬೇಕು, ಅಷ್ಟೆ.

ಸೆಪ್ಟೆಂಬರ್ ೧೬, ಬುಧವಾರ. ಓಎಮ್ನಾಸಿ

ಮೇಲೆ ಬರೆದ ಊರ ಹೆಸರು ನೋಡಿ ನನಗೇ ನಂಬಿಕೆ ಬರುತ್ತಿಲ್ಲ.

ವಿನಿ ಇನ್ನೂ ಸ್ವಲ್ಪ ದೂರವಿತ್ತು. ಅವ್ವ ಏಳಿಸು ಅಂದಳು, ಏಳಿಸಿದೆ. ಎಡಕ್ಕಿದ್ದ ಬೋಳುಗುಡ್ಡ ನೋಡಿದವಳೇ ಡ್ರೈವರಿಗೆ ಬೈಕೆನುವಿನಲ್ಲಿ, "ಮಗಾ, ಈ ಕವಲಲ್ಲಿ ಮೇಲಕ್ಕೆ ಹೋಗು" ಅಂದಳು. ಅವನೂ ನಮ್ಮದೇ ಮಾತಿನವನು. "ಆಗ್ಲಿ ಅಜ್ಜಿ" ಎಂದು ಗಾಡಿ ನಿಧಾನ ಮಾಡಿಯೇಬಿಟ್ಟ.

"ನೇರ ಹೋಗಪ್ಪ" ಅಂದೆ ನಾನು.

"ಮೇಲಕ್ಕೆ" ಅಂದಳು ಅವ್ವ.

ಅವನು ಗಾಡಿ ನಿಲ್ಲಿಸಿ ಇಳಿದು ಸಿಗರೇಟು ಹಚ್ಚಿದ. "ಇಬ್ರೂ ಮಾತಾಡ್ಕೊಂಡು ಹೇಳಿ."

"ನನಗೆ ಅಣ್ಣನ್ನ ನೋಡ್ಬೇಕು" ಅಂದಳು ಅವ್ವ.

"ಆ ಮನೆಗೆ ನಾನು ಕಾಲಿಡೋದಿಲ್ಲ. ಅಲ್ಲಿ ಯಾರಿದಾನೆ ಅಂತ ನಿನಗೆ ಗೊತ್ತು."

"ಗೊತ್ತು. ನನ್ನ ಕಣ್ಣೆದುರೇ ಬೆಂಕಿ ಇಟ್ಟ. ನೀವೆಲ್ಲ ಗುಡ್ಡ ಹತ್ತಿ ಓಡಿದ್ರಿ, ನಾನು ಕಾಲು ನೋವು ಅಂತ ಒಳಗೇ ಇದ್ದೆ. 'ಅತ್ತೆ, ಹೊರಗೆ ಬಾ' ಅಂತ ನನ್ನ ಎತ್ಕೊಂಡು ಹೋಗಿ ಹುಣಸೆಮರದ ಕೆಳಗೆ ಕೂರಿಸ್ದ. ಕುಡಿಯೋಕೆ ನೀರು ಕೊಟ್ಟ. ಆಮೇಲೆ ಹೋಗಿ ಬೆಂಕಿ ಇಟ್ಟ."

ಇದನ್ನು ಹತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಅದಕ್ಕೆ ಅವನಿಗೆ ಶಹಭಾಸ್ ಅನ್ಬೇಕಾ?"

"ಅನ್ಬೇಡ. ನಿನ್ನ ಸಿಟ್ಟು ನಿನ್ನ ಹತ್ರನೇ ಇರಲಿ. ನನಗೆ ಅಣ್ಣನ್ನ ನೋಡ್ಬೇಕು."

ನೀರು ಕುಡಿಸಲು ಹೋದೆ. ಬಾಯಿ ಬಿಗಿದುಕೊಂಡಳು. ನನ್ನ ಹಟ ಎಲ್ಲಿಂದ ಬಂದದ್ದು ಅಂತ ಅನ್ಸೆಲ್ಮು ಕೇಳುತ್ತಿರುತ್ತಾನೆ. ಬಿಸಿಲು ಏರುತ್ತಿತ್ತು. ಕೊನೆಗೆ ನಾನೇ ಡ್ರೈವರನ್ನು ಕೂಗಿ, ಮೇಲಕ್ಕೆ ಹೋಗು ಅಂದೆ. ಒಂದು ಗಂಟೆ, ಹೆಚ್ಚೆಂದರೆ ಎರಡು. ನೋಡಿಸಿ ಹೊರಡುವುದು.

ಮಾವ ಅಂಗಳದಲ್ಲಿ ಬಿದಿರು ಸೀಳುತ್ತಿದ್ದ. ಎಂಬತ್ತು ದಾಟಿದೆ, ಕಣ್ಣು ಮಂಜು. ವ್ಯಾನಿನ ಬಾಗಿಲ ಹತ್ತಿರ ಬಂದು ಬಗ್ಗಿ ನೋಡಿ, ಅವ್ವನ ಹೆಸರು ಹಿಡಿದು ಕರೆದ.

"ಬಿ ಕೆಫಿ? ಇನ್ನೂ ಸತ್ತಿಲ್ವಾ ನೀನು?"

"ದೊಡ್ಡವನು ನೀನು, ಮೊದಲು ನೀನು ಹೋಗು ಅಂತ ಕಾಯ್ತಿದ್ದೆ" ಅಂದಳು ಅವ್ವ.

ಮಾವ ನಗಲು ಹೋಗಿ ಅತ್ತುಬಿಟ್ಟ. "ಲಿಪುಸ್, ಬಾರೋ, ನಿನ್ನ ಅತ್ತೆ ಬಂದಿದಾಳೆ" ಎಂದು ಹಿತ್ತಲ ಕಡೆ ಕೂಗಿದ. ಮಾವನ ಮಗ ಬಂದ. ನನ್ನನ್ನು ನೋಡಿ ನಿಂತ. ಆಮೇಲೆ ಅವ್ವನನ್ನು ನನ್ನ ತೊಡೆಯಿಂದ ಎತ್ತಿಕೊಂಡು ಒಳಗೆ ಹೋದ. ನಾನು ಅವನ ಮುಖ ನೋಡಲಿಲ್ಲ, ಕೈಗಳನ್ನು ಮಾತ್ರ ನೋಡಿದೆ.

ವ್ಯಾನಿನವನು ಸಂಜೆಯವರೆಗೆ ಕಾದು ಹೊರಟುಹೋದ.

ಸೆಪ್ಟೆಂಬರ್ ೧೯, ಶನಿವಾರ

ನಾಳೆಗೆ ಐದು ದಿನ ಮುಗಿಯುತ್ತದೆ. ಹೊರಡೋಣ ಅಂದರೆ ಅವ್ವ ನಿದ್ದೆ ಬಂದವಳ ಹಾಗೆ ಮಾಡುತ್ತಾಳೆ. ತನ್ನ ಅವ್ವನ ಒಲೆಯ ಹತ್ತಿರವೇ ಮಲಗಿದ್ದಾಳೆ. ಅಣ್ಣ ತಂಗಿ ದಿನವಿಡೀ ಜಗಳ. ಯಾವುದೋ ಎಮ್ಮೆ ಯಾರ ತಪ್ಪಿನಿಂದ ಸತ್ತಿತೆಂದು. ಆ ಎಮ್ಮೆ ಸತ್ತಾಗ ಜಪಾನಿಯರು ನಮ್ಮ ದ್ವೀಪದಲ್ಲಿದ್ದರಂತೆ.

ನಾನು ಈ ಮನೆಯ ಅನ್ನ ತಿನ್ನುತ್ತಿದ್ದೇನೆ. ಸುಮ್ಮನೆ ತಿನ್ನುವುದು ಬೇಡವೆಂದು ಜೋಳ ಕುಟ್ಟುತ್ತೇನೆ. ಇವತ್ತು ಕುಟ್ಟುವಾಗ ಲಿಪುಸ್ ನೀರಿನ ಡಬ್ಬ ಹೊತ್ತು ಬಂದ. ಇಲ್ಲಿ ಮಳೆಗಾಲ ಶುರುವಾಗುವವರೆಗೆ ನೀರು ತುಂಬಾ ಕೆಳಗೆ, ಅವ್ವನ ಮೈ ಒರೆಸಲೆಂದು ದಿನಕ್ಕೆ ಎರಡು ಸಲ ಇಳಿದು ಹತ್ತುತ್ತಾನೆ. ಡಬ್ಬ ಇಳಿಸಿ ಅಲ್ಲೇ ನಿಂತ.

"ಮನೆ ಮತ್ತೆ ಕಟ್ಟಿದ್ರಾ ಅಕ್ಕ?"

"ಕಟ್ಟಿದ್ವಿ. ತಗಡಿನದು. ಮೊದಲಿನದು ಹುಲ್ಲಿಂದು."

"ನಂಗೆ ಗೊತ್ತು."

ಒನಕೆ ನಿಲ್ಲಿಸಿದೆ. ಅವನು ಹೋಗುತ್ತಾನೆಂದುಕೊಂಡೆ, ಹೋಗಲಿಲ್ಲ.

"ಬಾಗಿಲು ಯಾವ ಕಡೆಗೆ ಇಟ್ರಿ?"

"ಮೊದಲು ಯಾವ ಕಡೆಗಿತ್ತೋ ಅದೇ ಕಡೆಗೆ."

ತಲೆ ಆಡಿಸಿ ಮತ್ತೊಂದು ಡಬ್ಬ ತೆಗೆದುಕೊಂಡು ಇಳಿದುಹೋದ. ಕೇಳಬೇಕೆಂದು ಹತ್ತು ವರ್ಷ ಇಟ್ಟುಕೊಂಡಿದ್ದ ಮಾತುಗಳನ್ನು ಒಳಗಿಟ್ಟುಕೊಂಡೇ ನಾನು ಮತ್ತೆ ಒನಕೆ ಎತ್ತಿದೆ.

ಸೆಪ್ಟೆಂಬರ್ ೨೧, ಸೋಮವಾರ

ಗಡುವು ನಿನ್ನೆಗೇ ಮುಗಿಯಿತು. ಇಲ್ಲೇ ಇದ್ದೇವೆ. ಅವ್ವನಿಗೆ ರಾತ್ರಿಯೆಲ್ಲ ನೋವು. ಬರೆಯುವಷ್ಟು ಶಕ್ತಿಯಿಲ್ಲ.

ಸೆಪ್ಟೆಂಬರ್ ೨೪, ಗುರುವಾರ

ಮಾತ್ರೆ ಖಾಲಿಯಾಗುತ್ತ ಬಂದಿತ್ತು. ಲಿಪುಸ್ ಬೈಕಿನಲ್ಲಿ ಕೆಫಾಮೆನಾನು ಪೇಟೆಗೆ ಹೋಗಿ ತಂದ. ಮೊದಲ ಅಂಗಡಿಯಲ್ಲಿ ಕೊಡಲಿಲ್ಲವಂತೆ, ಮಿಷನ್ ಆಸ್ಪತ್ರೆಯ ಸಿಸ್ಟರ್ ಹತ್ತಿರ ಜಗಳವಾಡಿ ತಂದಿದ್ದಾನೆ. ಬರುವಾಗ ನನಗೆಂದು ಎಲೆ ಅಡಿಕೆಯನ್ನೂ ತಂದ. ಹಾಕಿಕೊಂಡೆ.

ಬೇಲಿಯಾಚೆ ಅವನ ಎರಡು ಹಸುಗಳು ಮೇಯುತ್ತವೆ. ಕಿವಿಯ ಗುರುತು ನೋಡಲು ನಿನ್ನೆ ಹತ್ತಿರ ಹೋಗಿದ್ದೆ. ನಮ್ಮವಲ್ಲ. ನಮ್ಮವು ಈಗ ಬದುಕಿರಲೂ ಸಾಧ್ಯವಿಲ್ಲ.

ಅವ್ವ ಇಲ್ಲೇ ಇರಬೇಕೆಂದು ನಿಶ್ಚಯಿಸಿದಂತಿದೆ. ಹಾಗಾದರೆ ಇರಲಿ. ಇಲ್ಲೇ ಹೂಳಬೇಕಾದರೂ ಸರಿ, ಊರಿಗೆ ನಾನು ಉತ್ತರ ಕೊಡುತ್ತೇನೆ. ಅನ್ಸೆಲ್ಮುಗೆ ಹೇಳಿ ಕಳಿಸಿದ್ದೇನೆ, ಹಳ್ಳದ ಹತ್ತಿರ ತೋಟ ಮಾಡುವ ಹೆಂಗಸಿನ ಕೈಯಲ್ಲಿ.

ಸೆಪ್ಟೆಂಬರ್ ೨೭, ಭಾನುವಾರ

ಬೆಳಿಗ್ಗೆ ಅವ್ವ ತಾನಾಗಿಯೇ ಗಂಜಿ ಕೇಳಿದಳು. ಕುಡಿದು ಬಾಯಿ ಒರೆಸಿಕೊಂಡು, "ಸಾಕು, ನಡಿ, ಮನೆಗೆ ಹೋಗೋಣ" ಅಂದಳು.

"ಯಾವ ಮನೆಗೆ?"

"ನಿನಗೇನು ತಲೆ ಕೆಟ್ಟಿದ್ಯಾ? ಫಾತುನೆನೊಗೆ. ಅಲ್ಲಿ ನಿಮ್ಮಪ್ಪ ಒಬ್ನೇ ಬಿದ್ದಿದಾನೆ."

"ನೀನು ಇಲ್ಲೇ ಇರ್ತೀಯ ಅಂತ..."

"ನಾನು ನೋಡೋಕೆ ಬಂದೆ. ಸಾಯೋಕೆ ಬಂದೆ ಅಂತ ಯಾರು ಹೇಳಿದ್ರು ನಿನಗೆ?"

ಮಾವ ಆಚೆ ತಿರುಗಿ ಕೂತ. ಆಮೇಲೆ, "ಅವಳು ಹಾಗೇ. ಮದುವೆಯಾಗಿ ಹೋದ ದಿನವೂ ತಿರುಗಿ ನೋಡ್ಲಿಲ್ಲ" ಅಂದ.

ರಸ್ತೆಯ ಗಡಿಗೆ ಹೋಗುವ ಹಾಗಿಲ್ಲ, ನಮ್ಮ ಕಾಗದದ ಗಡುವು ಮುಗಿದಿದೆ. ಉಳಿದದ್ದು ಗುಡ್ಡದ ದಾರಿ. "ಹೊತ್ಕೊಂಡು ಹೋಗೋಣ. ನಾನಿದೀನಿ, ಪಕ್ಕದ ಮನೆಯವನು ಬರ್ತಾನೆ" ಅಂದ ಲಿಪುಸ್. ನಾಳೆ ಹಳ್ಳಕ್ಕೆ ಬಾ ಎಂದು ಅನ್ಸೆಲ್ಮುಗೆ ತೋಟದ ಹೆಂಗಸಿನ ಕೈಯಲ್ಲೇ ಹೇಳಿ ಕಳಿಸಿದೆ. ಲಿಪುಸ್ ಮಧ್ಯಾಹ್ನವೆಲ್ಲ ಕೂತು ಎರಡು ಬಿದಿರಿಗೆ ಕಂಬಳಿ ಹೊಲಿದು ಡೋಲಿ ಮಾಡಿದ. ತಾನೇ ಅದರಲ್ಲಿ ಮಲಗಿ ನೋಡಿ, ಸೊಂಟ ಒತ್ತುತ್ತದೆಂದು ಬಿಚ್ಚಿ ಮತ್ತೆ ಹೊಲಿದ.

ಸೆಪ್ಟೆಂಬರ್ ೨೯, ಮಂಗಳವಾರ. ಫಾತುನೆನೊ

ತಲುಪಿದೆವು. ಅವ್ವ ಒಳಗೆ ಮಲಗಿದ್ದಾಳೆ. ನಿನ್ನೆಯದನ್ನು ಬರೆದುಬಿಡುತ್ತೇನೆ.

ನಸುಕಿನಲ್ಲಿ ಹೊರಟೆವು. ಮುಂದೆ ಪಕ್ಕದ ಮನೆಯವನು, ಹಿಂದೆ ಲಿಪುಸ್, ಕೊಡೆ ಹಿಡಿದು ನಾನು. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಜಾರುತ್ತದೆ, ಹಿಂದಿನವನು ಎಳೆದು ಹಿಡಿಯಬೇಕು. ಇಳಿಸು ಅಂದರೆ ಲಿಪುಸ್ ಕೇಳಲಿಲ್ಲ.

ಹಳ್ಳದ ಈಚೆ ಇಂಡೋನೇಷ್ಯಾದ ಇಬ್ಬರು ಸೈನಿಕರು ನೂಡಲ್ಸ್ ತಿನ್ನುತ್ತಿದ್ದರು. "ಎಲ್ಲಿಗೆ?" ಎಂದು ಒಬ್ಬ ಕೇಳಿದ. ನಾನು ಹೇಳುವ ಮೊದಲೇ ಅವ್ವ ಡೋಲಿಯಿಂದ ಕೈ ಹೊರಗೆ ಹಾಕಿ ಬೈಕೆನುವಿನಲ್ಲಿ, "ತಣ್ಣಗಾಗುತ್ತೆ, ತಿನ್ನು" ಅಂದಳು. ಅವನಿಗೆ ಅರ್ಥವಾಯಿತೋ ಇಲ್ಲವೋ, ತಟ್ಟೆಯ ಕಡೆ ತಿರುಗಿದ.

ಹಳ್ಳದಲ್ಲಿ ಮೊಣಕಾಲಷ್ಟೂ ನೀರಿರಲಿಲ್ಲ. ಆಚೆ ದಡದಲ್ಲಿ ಅನ್ಸೆಲ್ಮು ನಿಂತಿದ್ದ. ಹೊತ್ತು ಬರುತ್ತಿರುವುದು ಯಾರೆಂದು ಅವನಿಗೆ ದೂರದಿಂದಲೇ ತಿಳಿಯಿತು. ನಾನು ಮುಂದೆ ಹೋಗಿ, "ಮುಂದಿನ ತುದಿ ನೀನು ಹಿಡಿ, ಈ ಅಣ್ಣ ದಣಿದಿದಾನೆ" ಅಂದೆ.

"ಹಿಂದಿನದು?"

"ಹಿಂದೆ ಹಿಡಿದವನು ಹಿಡಿದಿದಾನೆ."

ಅನ್ಸೆಲ್ಮು ನನ್ನನ್ನು ನೋಡಿದ, ಲಿಪುಸನನ್ನು ನೋಡಿದ. ಅವ್ವ ಅಂದಳು: "ಅಳಿಯಂದ್ರೆ, ನೀರಲ್ಲೇ ಇಟ್ಕೊಂಡಿರ್ತೀರಾ ನನ್ನ?" ಅನ್ಸೆಲ್ಮು ನೀರಿಗಿಳಿದು ಬಿದಿರು ಹೆಗಲಿಗೆ ಕೊಟ್ಟ. ಪಕ್ಕದ ಮನೆಯವನು ಹಿಂದಿರುಗಿದ.

ಮೇಲೆ ನಮ್ಮ ಗಡಿ ಪೊಲೀಸಿನವನು. ಪೂರ್ವದ ಕೊನೆಯ ಲೊಸ್ಪಾಲೊಸ್ ಕಡೆಯವನು, ನಮ್ಮ ಭಾಷೆ ಬಾರದು. ಕಾಗದ ನೋಡಿ, "ನೀವು ಮೂವರೂ ನಮ್ಮವರು, ಸರಿ. ಹಿಂದೆ ಇರೋನು ಆ ಕಡೆಯವನು. ಅವನು ಇಲ್ಲಿಂದ ವಾಪಸ್ ಹೋಗ್ಬೇಕು" ಅಂದ.

ನಾನು ನನ್ನ ಹರುಕು ತೇತುನ್‌ನಲ್ಲೇ ಅಂದೆ: "ಆಯ್ತು. ಅವನು ಬಿಟ್ಟ ತುದಿ ನೀನು ಹಿಡಿ. ಊರು ಇನ್ನೂ ಎರಡು ಗುಡ್ಡ ಮೇಲಿದೆ."

ಅವನು ಗುಡ್ಡ ನೋಡಿದ. ಬೂಟು ನೋಡಿಕೊಂಡ. "ಯಾವಾಗ ವಾಪಸ್ ಹೋಗ್ತಾನೆ?"

"ಕೆಲಸ ಮುಗಿದ ಮೇಲೆ."

ಅಲ್ಲಿಂದ ಊರಿನವರೆಗೆ ಅವರಿಬ್ಬರೇ ಹೊತ್ತರು. ಏರು ಬಂದಾಗ ಅನ್ಸೆಲ್ಮು ನಿಲ್ಲು ಅನ್ನುವ ಬದಲು ಕೆಮ್ಮುತ್ತಿದ್ದ, ಲಿಪುಸ್ ನಿಲ್ಲುತ್ತಿದ್ದ. ಆಮೇಲೆ ಅನ್ಸೆಲ್ಮು ಕೆಮ್ಮದೆಯೇ ಲಿಪುಸ್ ನಿಂತ, ಅನ್ಸೆಲ್ಮು ನಿಂತ.

ಲಿಪುಸನಿಗೆ ಹೊರಕೋಣೆಯಲ್ಲಿ ಚಾಪೆ ಹಾಸಿದೆ. ಅಂಗಳದಲ್ಲಿ ನಿಂತು ತಗಡಿನ ಸೂರನ್ನು ಬಹಳ ಹೊತ್ತು ನೋಡಿ, ತಲೆ ತಗ್ಗಿಸಿ ಒಳಗೆ ಬಂದ. ಅನ್ನ ಕಡಿಮೆ ಬಡಿಸಿಕೊಂಡ. ನಾನು ಮತ್ತೆ ಹಾಕಿದೆ.

ಅಕ್ಟೋಬರ್ ೬, ಮಂಗಳವಾರ

ಅವ್ವ ಭಾನುವಾರ ಬೆಳಿಗ್ಗೆ ಹೋದಳು. ಕೈ ನನ್ನ ಕೈಯಲ್ಲಿತ್ತು. ಬಾಗಿಲು ತೆರೆದಿತ್ತು, ಅಪ್ಪನ ಸಮಾಧಿ ಕಾಣುತ್ತಿತ್ತು.

ಸಿಪ್ರಿಯಾನುಗೆ ಗುಡ್ಡ ಹತ್ತಿ ಫೋನು ಮಾಡಿದೆ. ಹಡಗು ಇನ್ನೂ ಬಂದಿಲ್ಲ. ನಮ್ಮದೇ ದೇಶದಲ್ಲಿರುವ ಮಗ ಬರುವ ಹಾಗಿಲ್ಲ. ಅವನು ಅಳುವುದನ್ನು ಕೇಳಿಸಿಕೊಳ್ಳುತ್ತ ನಿಂತಿದ್ದೆ.

ಲಿಪುಸ್ ಹಳ್ಳ ದಾಟಿ ಓಡಿದ. ನಮ್ಮಲ್ಲಿ ಹೆಣ್ಣಿನ ಶವಪೆಟ್ಟಿಗೆಗೆ ತವರಿನವರೇ ಮೊಳೆ ಹೊಡೆಯಬೇಕು, ಅಣ್ಣ ಬಾರದೆ ಮುಚ್ಚುವಂತಿಲ್ಲ. ಮಾವ ಸೋಮವಾರ ಮಧ್ಯಾಹ್ನ ಬಂದ, ನಡೆದೇ ಬಂದ. ಹಿಂದೆ ಹಂದಿ ಹೊತ್ತ ಅವನ ಮನೆಯವರು, ಕಂಬಳಿ ಹೊತ್ತ ಹೆಂಗಸರು. ಗಡಿಯಲ್ಲಿ ಯಾರೂ ತಡೆಯಲಿಲ್ಲವಂತೆ. ಹೆಣದ ಪಕ್ಕ ಕೂತು ಅವ್ವನನ್ನು ಬೈದ. ದೊಡ್ಡವರಿಗಿಂತ ಮೊದಲು ಹೋಗುವುದು ಯಾವ ಊರಿನ ಮರ್ಯಾದೆ ಎಂದು ಕೇಳಿದ. ಎಮ್ಮೆ ಸತ್ತಿದ್ದು ತನ್ನ ತಪ್ಪಿನಿಂದಲೇ ಎಂದು ಒಪ್ಪಿಕೊಂಡ.

ಮುಚ್ಚುವ ಹೊತ್ತು ಬಂತು. ಮಾವ ಸುತ್ತಿಗೆ ಎತ್ತಿದ. ಮಂಜುಗಣ್ಣಿಗೆ ಗುರಿ ಸಿಗದೆ ಮೊಳೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಸುತ್ತಿಗೆಯನ್ನು ಲಿಪುಸನ ಕೈಗೆ ಕೊಟ್ಟ.

ಅಪ್ಪನ ಕಡೆಯ ಗಂಡಸರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ತೊಂಬತ್ತೊಂಬತ್ತರ ಆ ಸೆಪ್ಟೆಂಬರಿನಲ್ಲಿ ಮನೆ ಕಳೆದುಕೊಳ್ಳದವರು ಅವರಲ್ಲಿ ಒಬ್ಬರೂ ಇಲ್ಲ. ಒಬ್ಬ ಹೊರಗೆ ಹೋದ. ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದ, ಅನ್ಸೆಲ್ಮು ಅವನ ತೋಳು ಮುಟ್ಟಿದ. ಎಲ್ಲರೂ ನನ್ನ ಕಡೆ ತಿರುಗಿದರು. ಲಿಪುಸ್ ಸುತ್ತಿಗೆ ಹಿಡಿದು ಮೊಣಕಾಲೂರಿ ಕೂತಿದ್ದ. ಅವನು ಯಾರನ್ನೂ ನೋಡಲಿಲ್ಲ, ಪೆಟ್ಟಿಗೆಯ ಹಲಗೆಯನ್ನೇ ನೋಡುತ್ತಿದ್ದ.

ನಾನು ಹೋಗಿ ಅವನ ಎದುರು ಕೂತು, ಮೊಳೆಯನ್ನು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ ಎರಡು ಬೆರಳಲ್ಲಿ ಹಿಡಿದೆ.

"ಹೊಡಿ" ಅಂದೆ.

ಹೊಡೆದ.